ಪ್ಲಾಸ್ಮಾದಲ್ಲಿ ಮೆಟ್‌ಫಾರ್ಮಿನ್ ಅಳೆಯುವುದು ಹೇಗೆ: ಕ್ಯಾಪಿಲರಿಯಿಂದ ಮಾಸ್ ಸ್ಪೆಕ್‌ವರೆಗೆ

ಶುಗರ್ ಇರುವ ಮನೆಯಲ್ಲಿ ಮೆಟ್‌ಫಾರ್ಮಿನ್ ಮಾತ್ರೆ ಇದ್ದೇ ಇರುತ್ತದೆ. ಆದರೆ ಅದನ್ನು ರಕ್ತದಲ್ಲಿ ಅಳೆಯಲು ಹೊರಟವರಿಗೆ ಮೊದಲ ದಿನವೇ ಒಂದು ತಲೆನೋವು ಕಾದಿರುತ್ತದೆ. ಪದಾರ್ಥಗಳನ್ನು ಬೇರ್ಪಡಿಸಲು ಸಾಮಾನ್ಯವಾಗಿ ಬಳಸುವ, ಎಣ್ಣೆಯಂಥ ಲೇಪನದ ಸಿ18 ಕಾಲಂಗೆ ಹಾಕಿದರೆ ಅದು ನಿಲ್ಲುವುದೇ ಇಲ್ಲ, ಉಪ್ಪು ಮತ್ತು ಬೇಡದ ಕಸದ ಜೊತೆಗೇ ಹೊರಗೆ ಬಂದುಬಿಡುತ್ತದೆ. ಅಣುತೂಕ ಬರೀ 129, ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಎಣ್ಣೆಯಂಥ ಪದಾರ್ಥ ಕಂಡರೆ ಆಗುವುದಿಲ್ಲ. ಮೇಲಾಗಿ ಇದರ ಮೇಲೆ ಯಾವಾಗಲೂ ಧನ ಚಾರ್ಜ್ ಇರುತ್ತದೆ.

ಕಾಲಂಗೆ ಬೇಡವಾದ ಆ ಚಾರ್ಜೇ ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್‌ಗೆ, ಅಂದರೆ ಸಿಇಗೆ, ಬೇಕಾಗಿರುವುದು. ಕೂದಲಿನಷ್ಟು ಸಣ್ಣ ಒಳರಂಧ್ರದ ಗಾಜಿನ ಕೊಳವೆಯಲ್ಲಿ ಬಫರ್ (ಪಿಎಚ್ ಸ್ಥಿರವಾಗಿರಿಸುವ ದ್ರಾವಣ) ತುಂಬಿ, ಎರಡು ತುದಿಗೆ 30 ಕಿಲೋವೋಲ್ಟ್ ಕೊಟ್ಟರೆ ಚಾರ್ಜ್ ಜಾಸ್ತಿ ಇರುವ ಸಣ್ಣ ಅಯಾನು ಮುಂದೆ ಓಡುತ್ತದೆ, ದೊಡ್ಡದು ಹಿಂದೆ ಬೀಳುತ್ತದೆ. ಜಾರ್ಗೆನ್ಸನ್ ಮತ್ತು ಲುಕಾಚ್ 1981ರಲ್ಲಿ 75 ಮೈಕ್ರಾನ್ ಕೊಳವೆಯಲ್ಲಿ ಇದನ್ನು ಮಾಡಿ ತೋರಿಸಿದರು. 1987ರಲ್ಲಿ ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ಲ್ಯಾಬ್‌ನ ರಿಚರ್ಡ್ ಸ್ಮಿತ್ ಮತ್ತು ಸಂಗಡಿಗರು ಕೊಳವೆಯ ತುದಿಯನ್ನು ಎಲೆಕ್ಟ್ರೋಸ್ಪ್ರೇ (ದ್ರವವನ್ನು ಚಾರ್ಜ್ ಇರುವ ಸಣ್ಣ ಹನಿಗಳಾಗಿ ಚಿಮ್ಮಿಸುವುದು) ಮೂಲಕ ಮಾಸ್ ಸ್ಪೆಕ್ಟ್ರೋಮೀಟರಿಗೆ, ಅಂದರೆ ಅಯಾನುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ ಯಂತ್ರಕ್ಕೆ, ಜೋಡಿಸಿದರು. ಇಲ್ಲಿ ಹೇಳುವುದೂ ಆ ಜೋಡಣೆಯ ವಿಷಯವೇ.

ಮೊದಲೇ ಒಂದು ಮಾತು. ನಿಮ್ಮ ಔಷಧ ಸಿ18ನಲ್ಲಿ ಚೆನ್ನಾಗಿ ನಿಲ್ಲುತ್ತದೆ ಅಂತಾದರೆ ಈ ಸಾಹಸ ಬೇಡ, ಎಲ್‌ಸಿ-ಎಂಎಸ್, ಅಂದರೆ ಕಾಲಂ ಇರುವ ದ್ರವ ಕ್ರೊಮಾಟೋಗ್ರಫಿ (ಎಲ್‌ಸಿ) ಮತ್ತು ಮಾಸ್ ಸ್ಪೆಕ್ (ಎಂಎಸ್) ಜೋಡಿ, ಸಾಕು. ಮೆಟ್‌ಫಾರ್ಮಿನ್ ಅನ್ನು ನೀರಿನಲ್ಲಿ ಕರಗುವಂಥವನ್ನು ಹಿಡಿದಿಡುವ ಹಿಲಿಕ್ ಕಾಲಂನಲ್ಲೂ ಅಳೆಯಬಹುದು, ತುಂಬ ಜನ ಹಾಗೇ ಅಳೆಯುತ್ತಾರೆ. ಸಿಇ ಯಾಕೆ ಅಂದರೆ ದ್ರಾವಕ ತೀರಾ ಕಡಿಮೆ ಸಾಕು, ಕಾಲಂ ಖರ್ಚಿಲ್ಲ, ಬೆರಳೆಣಿಕೆಯ ಮೈಕ್ರೋಲೀಟರ್ ಸ್ಯಾಂಪಲ್ ಇದ್ದರೂ ಹಲವು ಸಲ ಓಡಿಸಬಹುದು. ಮಕ್ಕಳ ರಕ್ತ ಅಥವಾ ಇಲಿಯ ರಕ್ತದ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ.

ರಕ್ತ ಮತ್ತು ಪ್ಲಾಸ್ಮಾ

ರಕ್ತವನ್ನು ಕೆ2 ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ಉಪ್ಪು) ಟ್ಯೂಬಿಗೆ ತೆಗೆದುಕೊಳ್ಳಿ. ಅದನ್ನು ಟೇಬಲ್ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡಿ. ಮೆಟ್‌ಫಾರ್ಮಿನ್ ನಿಧಾನವಾಗಿ ಕೆಂಪು ರಕ್ತಕಣದೊಳಗೂ ಸೇರಿಕೊಳ್ಳುತ್ತದೆ, ಅಲ್ಲಿಂದ ನಿಧಾನವಾಗಿ ಹೊರಗೂ ಬರುತ್ತದೆ. ಅದಕ್ಕೇ ಪ್ಲಾಸ್ಮಾದಲ್ಲಿ ಅರ್ಧಾಯು ಸುಮಾರು 6 ಗಂಟೆ ಇದ್ದರೆ ಇಡೀ ರಕ್ತದಲ್ಲಿ ಸುಮಾರು 17 ಗಂಟೆ. ಬೇಗ ಸೆಂಟ್ರಿಫ್ಯೂಜ್ ಮಾಡಿ, 2000 ಜಿಯಲ್ಲಿ 10 ನಿಮಿಷ ಸಾಕು, ಪ್ಲಾಸ್ಮಾ ಬೇರೆ ಮಾಡಿ ಫ್ರೀಜರಿನಲ್ಲಿಡಿ. ಪ್ಲಾಸ್ಮಾ ಕೆಂಪಗೆ ಕಂಡರೆ, ಅಂದರೆ ಕಣ ಒಡೆದಿದ್ದರೆ, ಟ್ಯೂಬಿನ ಮೇಲೆ ಗುರುತು ಹಾಕಿ.

ಬ್ಲಾಂಕ್ ಪ್ಲಾಸ್ಮಾ, ಅಂದರೆ ಔಷಧವಿಲ್ಲದ ಪ್ಲಾಸ್ಮಾ, ಎಲ್ಲಿಂದ ತರುತ್ತೀರಿ ಅನ್ನುವುದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬ್ಲಡ್ ಬ್ಯಾಂಕಿನ ಪ್ಲಾಸ್ಮಾ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಆ ಚೀಲದಲ್ಲಿ ಸಾಮಾನ್ಯವಾಗಿ ಇರುವುದು ಸಿಟ್ರೇಟ್, ನಿಮ್ಮ ಸ್ಯಾಂಪಲ್‌ನಲ್ಲಿರುವುದು ಇಡಿಟಿಎ. ಎರಡೂ ಒಂದೇ ಅಲ್ಲ. ಸಿಇಯಲ್ಲಂತೂ ಉಪ್ಪು ಬದಲಾದರೆ ಪೀಕ್‌ನ (ಔಷಧ ಹೊರಬಂದಾಗ ಸಿಗ್ನಲ್ ಗೆರೆಯಲ್ಲಿ ಏಳುವ ಗುಡ್ಡದ) ಆಕಾರವೇ ಬದಲಾಗುತ್ತದೆ. ಇನ್ನೊಂದು ವಿಷಯ, ದಾನಿಗಳಲ್ಲಿ ಯಾರೋ ಒಬ್ಬರು ಶುಗರ್ ಮಾತ್ರೆ ನುಂಗಿ ಬಂದಿದ್ದರೂ ನಿಮ್ಮ ಬ್ಲಾಂಕ್ ಬ್ಲಾಂಕ್ ಆಗಿರುವುದಿಲ್ಲ. ಪ್ರತಿ ಲಾಟ್ ಅನ್ನೂ ಬಳಸುವ ಮೊದಲೇ ಓಡಿಸಿ ನೋಡಿ.

ಗ್ಲೌಸ್, ಹೆಪಟೈಟಿಸ್ ಬಿ ಲಸಿಕೆ, ಎಥಿಕ್ಸ್ ಕಮಿಟಿ ಒಪ್ಪಿಗೆ, ಇವೆಲ್ಲ ಇದ್ದೇ ಇರಬೇಕು. ಅಸಿಟೋನೈಟ್ರೈಲ್ ಬೆರೆತ ತ್ಯಾಜ್ಯಕ್ಕೆ ಮಾತ್ರ ಹೈಪೋಕ್ಲೋರೈಟ್ ಸುರಿಯಬೇಡಿ, ಅದನ್ನು ದ್ರಾವಕದ ಕ್ಯಾನಿಗೇ ಹಾಕಿ.

ಪ್ರೋಟೀನ್ ತೆಗೆಯುವುದು, ಆದರೆ ಒಣಗಿಸದೆ

100 ಮೈಕ್ರೋಲೀಟರ್ ಪ್ಲಾಸ್ಮಾಗೆ 200 ಮೈಕ್ರೋಲೀಟರ್ ತಣ್ಣನೆಯ ಅಸಿಟೋನೈಟ್ರೈಲ್ ಹಾಕಿ. ಆ ಅಸಿಟೋನೈಟ್ರೈಲ್‌ನಲ್ಲಿ ಹೋಲಿಸಿ ಅಳೆಯಲು ಬೇಕಾದ ಆಂತರಿಕ ಮಾನಕ, ಅಂದರೆ ಆರು ಹೈಡ್ರೋಜನ್ ಜಾಗದಲ್ಲಿ ಭಾರದ ಡ್ಯೂಟೀರಿಯಂ ಇರುವ ಮೆಟ್‌ಫಾರ್ಮಿನ್-ಡಿ6, ಮೊದಲೇ ಬೆರೆತಿರಲಿ. ಒಂದು ನಿಮಿಷ ವರ್ಟೆಕ್ಸ್, 12,000 ಜಿಯಲ್ಲಿ 10 ನಿಮಿಷ, 4 ಡಿಗ್ರಿ. ಮೇಲಿನ ತಿಳಿಯನ್ನು ಮಾತ್ರ ಎತ್ತಿಕೊಳ್ಳಿ. ತಳದ ಬಿಳಿ ಗಟ್ಟಿಯನ್ನು ಪಿಪೆಟ್ ಮುಟ್ಟಬಾರದು.

ಎಲ್‌ಸಿಯಿಂದ ಬಂದವರ ಕೈ ಇಲ್ಲಿ ಸುಮ್ನೆ ನೈಟ್ರೋಜನ್ ಡ್ರೈಯರ್ ಕಡೆ ಹೋಗುತ್ತದೆ. ಬೇಡ. ಪ್ಲಾಸ್ಮಾದಲ್ಲಿ ಸುಮಾರು 140 ಮಿಲಿಮೋಲಾರ್ ಸೋಡಿಯಂ ಇದೆ. ಒಣಗಿಸಿ 100 ಮೈಕ್ರೋಲೀಟರ್‌ನಲ್ಲಿ ಮತ್ತೆ ಕರಗಿಸಿದರೆ ಔಷಧದ ಜೊತೆ ಆ ಉಪ್ಪೂ ಒಟ್ಟಾಗಿ ಬರುತ್ತದೆ. ಸ್ಯಾಂಪಲ್‌ನ ವಿದ್ಯುತ್ ವಾಹಕತೆ ಬಫರಿಗಿಂತ ಎಷ್ಟೋ ಪಟ್ಟು ಜಾಸ್ತಿಯಾಗಿ, ಸ್ಯಾಂಪಲ್ ಇರುವ ಜಾಗದಲ್ಲಿ ವೋಲ್ಟೇಜ್ ಕುಸಿದು, ಅಯಾನುಗಳು ಅಲ್ಲೇ ತೆವಳಿ ಪೀಕ್ ಅಗಲವಾಗಿ ಹರಡುತ್ತದೆ. ಮೂರನೇ ಎರಡು ಭಾಗ ಅಸಿಟೋನೈಟ್ರೈಲ್ ಹಾಗೇ ಉಳಿದಿದ್ದರೆ ಆಗುವುದು ಇದರ ಉಲ್ಟಾ. ಔಷಧದ ಅಯಾನುಗಳು ಒಂದು ಸಣ್ಣ ಪಟ್ಟಿಯಾಗಿ ಒತ್ತಿಕೊಳ್ಳುತ್ತವೆ. ಇದಕ್ಕೆ ಅಸಿಟೋನೈಟ್ರೈಲ್ ಸ್ಟ್ಯಾಕಿಂಗ್ ಅನ್ನುತ್ತಾರೆ. ಶಿಹಾಬಿ ಅವರು ಇದರ ಮೇಲೆ ತುಂಬ ಕೆಲಸ ಮಾಡಿದ್ದಾರೆ.

ಸಿಇ ವಯಲ್‌ನ ಮುಚ್ಚಳ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ನೆನಪಿರಲಿ. ಅಸಿಟೋನೈಟ್ರೈಲ್ ಆರುತ್ತಾ ಹೋದರೆ ರಾತ್ರಿಯ ಕೊನೆಯ ಸ್ಯಾಂಪಲ್ ಸಂಜೆಯ ಮೊದಲ ಸ್ಯಾಂಪಲ್‌ನಂತೆ ಇರುವುದಿಲ್ಲ. ಟ್ರೇ ತಣ್ಣಗಿಡಿ, ಒಂದೇ ಸಲ ನೂರು ವಯಲ್ ಇಟ್ಟು ಮನೆಗೆ ಹೋಗಬೇಡಿ.

ಬಫರ್ ಆರಿಸುವಾಗ ಸೋಡಿಯಂ ಮೇಲೆ ಕಣ್ಣಿರಲಿ

ಫಾಸ್ಫೇಟ್, ಬೋರೇಟ್, ಎಸ್‌ಡಿಎಸ್ ಎಲ್ಲ ಯುವಿ ಡಿಟೆಕ್ಟರ್ ಕಾಲದ ಬಫರ್‌ಗಳು, ಮಾಸ್ ಸ್ಪೆಕ್‌ನ ಹತ್ತಿರವೂ ಬರಬಾರದು. ಆರಿಹೋಗುವ ಬಫರೇ ಬೇಕು.

ತುಂಬ ಜನ ಕಣ್ಣುಮುಚ್ಚಿ 1 ಮೋಲಾರ್ ಫಾರ್ಮಿಕ್ ಆಸಿಡ್ ಹಾಕುತ್ತಾರೆ. ಅದರ ಪಿಎಚ್ ಸುಮಾರು 1.9. ಮೆಟ್‌ಫಾರ್ಮಿನ್‌ನ ಒಂದು ಪಿಕೆಎ (ಅರ್ಧದಷ್ಟು ಅಣುಗಳು ಒಂದು ಚಾರ್ಜ್ ಕಳೆದುಕೊಳ್ಳುವ ಪಿಎಚ್) ಸುಮಾರು 2.8, ಇನ್ನೊಂದು 11ಕ್ಕಿಂತ ಮೇಲೆ. ಅಂದರೆ ಪಿಎಚ್ 1.9ರಲ್ಲಿ ಬಹುಪಾಲು ಅಣುಗಳ ಮೇಲೆ ಎರಡು ಚಾರ್ಜ್ ಇರುತ್ತದೆ. ಬೇಗ ಓಡುತ್ತದೆ, ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಆದರೆ ಆ ವೇಗದಲ್ಲಿ ಅದು ಸೋಡಿಯಂ ಪಕ್ಕಕ್ಕೇ ಹೋಗಿ ನಿಲ್ಲುವ ಅಪಾಯವಿದೆ, ಸೋಡಿಯಂ ಸ್ಪ್ರೇಗೆ ಬಂದ ಹೊತ್ತಿನಲ್ಲಿ ಬೇರೆ ಅಯಾನುಗಳ ಸಿಗ್ನಲ್ ಅದುಮಿಹೋಗುತ್ತದೆ. ಪಿಎಚ್ 3.5ರ ಹತ್ತಿರ ಬಂದರೆ ಬಹುಪಾಲು ಒಂದೇ ಚಾರ್ಜ್ ಉಳಿಯುತ್ತದೆ, ಔಷಧ ನಿಧಾನವಾಗಿ ಸೋಡಿಯಂನಿಂದ ಹಿಂದೆ ಸರಿಯುತ್ತದೆ.

ಹಾಗಾಗಿ ನಾನು ಹೇಳುವುದು 25 ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್, ಫಾರ್ಮಿಕ್ ಆಸಿಡ್‌ನಿಂದ ಪಿಎಚ್ 3.5ಕ್ಕೆ ತಂದದ್ದು. 100 ಮಿಲಿಲೀಟರಿಗೆ 0.158 ಗ್ರಾಂ ಸಾಕು. ಫಿಲ್ಟರ್ ಮಾಡಿ, ಸೋನಿಕೇಟರಿನಲ್ಲಿ ಗಾಳಿ ತೆಗೆಯಿರಿ.

ಸೋಡಿಯಂ ಎಲ್ಲಿದೆ ಅಂತ ಊಹೆ ಮಾಡಬೇಕಾಗಿಲ್ಲ, ಕಣ್ಣಾರೆ ನೋಡಬಹುದು. ಬ್ಲಾಂಕ್ ಪ್ಲಾಸ್ಮಾದ ತಿಳಿಯನ್ನು ಹಾಕಿ, ಮಾಸ್ 50ರಿಂದ 300ರವರೆಗೆ ಪೂರ್ತಿ ಸ್ಕ್ಯಾನ್ ಓಡಿಸಿ, ಆಮೇಲೆ 158.96 ಮತ್ತು 226.95 ಈ ಎರಡು ಮಾಸ್‌ಗಳ ಗೆರೆಯನ್ನು ಮಾತ್ರ ಎಳೆದು ನೋಡಿ. ಅವು ಸೋಡಿಯಂ ಫಾರ್ಮೇಟ್ ಗೊಂಚಲುಗಳು. ಅವು ಎದ್ದು ಬೀಳುವ ಕಿಟಕಿಯೇ ಉಪ್ಪು ಹೊರಬರುವ ಹೊತ್ತು. ಅದೇ ಪರದೆಯಲ್ಲಿ ಮೆಟ್‌ಫಾರ್ಮಿನ್‌ನ ಪೀಕ್ ಅನ್ನು ಮೇಲೆ ಇಟ್ಟರೆ ಎರಡರ ನಡುವೆ ಜಾಗ ಇದೆಯೋ ಇಲ್ಲವೋ ತಿಳಿಯುತ್ತದೆ. ಜಾಗ ಇಲ್ಲದಿದ್ದರೆ ಪಿಎಚ್ ಅನ್ನು ಸ್ವಲ್ಪ ಮೇಲೆ ತನ್ನಿ, ಬೇರೇನೂ ಮುಟ್ಟಬೇಡಿ.

ಕ್ಯಾಪಿಲರಿಯ ತುದಿ

ಒಳವ್ಯಾಸ 50 ಮೈಕ್ರಾನ್, ಹೊರವ್ಯಾಸ 360 ಮೈಕ್ರಾನ್, ಉದ್ದ 80 ಸೆಂಟಿಮೀಟರ್. ಬರೀ ಸಿಲಿಕಾ ಸಾಕು. ಸಿಇ-ಎಂಎಸ್‌ನಲ್ಲಿ ಹಾಳಾಗುವ ಕೆಲಸದಲ್ಲಿ ಅರ್ಧ ಹಾಳಾಗುವುದು ಸ್ಪ್ರೇ ಕಡೆಯ ಕೊನೆಯ ಒಂದು ಮಿಲಿಮೀಟರಿನಲ್ಲಿ. ಅಲ್ಲಿ ಸಮಯ ಕೊಡಿ.

ಸೆರಾಮಿಕ್ ಬ್ಲೇಡಿನಿಂದ ಕತ್ತರಿಸಬೇಡಿ, ಒಂದೇ ಒಂದು ಗೀರು ಹಾಕಿ, ಆಮೇಲೆ ಕ್ಯಾಪಿಲರಿಯನ್ನು ಉದ್ದಕ್ಕೆ ನೇರವಾಗಿ ಎಳೆಯಿರಿ, ತಾನಾಗಿ ಬಿಟ್ಟುಕೊಳ್ಳುತ್ತದೆ. ಬಗ್ಗಿಸಿ ಮುರಿದರೆ ಅಂಚು ಓರೆಯಾಗುತ್ತದೆ. ಭೂತಗನ್ನಡಿಯ ಕೆಳಗೆ ತುದಿಯನ್ನು ತಿರುಗಿಸುತ್ತಾ ನೋಡಿ. ಸರಿಯಾಗಿದ್ದರೆ ಅಂಚು ಎಲ್ಲ ಕಡೆಯೂ ಒಂದೇ ಎತ್ತರ, ಮಧ್ಯದ ರಂಧ್ರ ದುಂಡಗೆ. ಒಂದು ಕಡೆ ಮೊನೆ ಚಾಚಿದ್ದರೆ ಸ್ಪ್ರೇ ಆ ಕಡೆಗೇ ವಾಲುತ್ತದೆ, ಇನ್ನೊಮ್ಮೆ ಕತ್ತರಿಸಿ.

ಮೇಲಿನ ಕಂದು ಪಾಲಿಇಮೈಡ್ ಲೇಪನವನ್ನು ಎರಡೂ ತುದಿಯಲ್ಲಿ 2ರಿಂದ 3 ಮಿಲಿಮೀಟರ್ ಲೈಟರಿನಿಂದ ಸುಟ್ಟು, ಮೆಥನಾಲ್ ಹಚ್ಚಿದ ಟಿಶ್ಯೂನಿಂದ ಒರೆಸಿ. ಯಾಕೆಂದರೆ ಅಸಿಟೋನೈಟ್ರೈಲ್ ತಗಲಿದರೆ ಈ ಲೇಪನ ಉಬ್ಬಿ ರಂಧ್ರದ ಬಾಯಿಗೇ ಅಡ್ಡ ಬರುತ್ತದೆ. ಸುಟ್ಟ ಜಾಗ ತುಂಬ ಸೂಕ್ಷ್ಮ, ಎಲ್ಲಿಗೂ ತಗಲಿಸಬೇಡಿ. ಹೊಸ ಕ್ಯಾಪಿಲರಿಯನ್ನು 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 10 ನಿಮಿಷ, ಆಮೇಲೆ ನೀರು, ಆಮೇಲೆ ಬಫರ್ ಹಾಯಿಸಿ ತಯಾರು ಮಾಡಬೇಕು, ಆದರೆ ಇದನ್ನೆಲ್ಲ ಮಾಸ್ ಸ್ಪೆಕ್‌ನಿಂದ ಹೊರಗೆ ತೆಗೆದೇ ಮಾಡಿ.

ಸ್ಪ್ರೇ ಸೂಜಿಯಿಂದ ಕ್ಯಾಪಿಲರಿ ಸುಮಾರು 0.1 ಮಿಲಿಮೀಟರ್ ಮಾತ್ರ ಹೊರಗೆ ಬಂದಿರಲಿ, ಅದರ ದಪ್ಪದ ಕಾಲುಭಾಗಕ್ಕಿಂತ ತುಸು ಜಾಸ್ತಿ. ಒಳಗೆ ಹೋದರೆ ಸುತ್ತಲೂ ಹರಿಸುವ ಶೀತ್ ಲಿಕ್ವಿಡ್ ಜೊತೆ ಸರಿಯಾಗಿ ಬೆರೆಯದೆ ಸಿಗ್ನಲ್ ಕುಣಿಯುತ್ತದೆ, ಜಾಸ್ತಿ ಹೊರಬಂದರೆ ತುದಿಯಲ್ಲಿ ವಿದ್ಯುತ್ ಸಂಪರ್ಕ ಕಡಿದು ಕಡಿದು ಬರುತ್ತದೆ.

ಎತ್ತರವನ್ನೂ ನೋಡಿ. ಇನ್ಲೆಟ್ ವಯಲ್‌ನ ದ್ರವದ ಮಟ್ಟ ಮತ್ತು ಸ್ಪ್ರೇ ತುದಿ ಒಂದೇ ಮಟ್ಟದಲ್ಲಿರಬೇಕು. 5 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಈ ಕ್ಯಾಪಿಲರಿಯಲ್ಲಿ ಬರೀ ಸೈಫನ್‌ನಿಂದಲೇ ಪೀಕ್ ಬರುವ ಸಮಯ ಶೇಕಡಾ 3ರಷ್ಟು ಜರುಗುತ್ತದೆ.

ಶೀತ್ ಲಿಕ್ವಿಡ್

ಕ್ಯಾಪಿಲರಿಯಿಂದ ಬರುವ ಹರಿವು ತೀರಾ ಕಡಿಮೆ, ಅಷ್ಟರಿಂದ ಸ್ಪ್ರೇ ನಿಲ್ಲುವುದಿಲ್ಲ. ಅದಕ್ಕೆ ಸುತ್ತಲೂ ಇನ್ನೊಂದು ದ್ರವ ಹರಿಸುತ್ತೇವೆ. ಐಸೋಪ್ರೊಪನಾಲ್ ಮತ್ತು ನೀರು ಅರ್ಧರ್ಧ, 0.1 ಶೇಕಡಾ ಫಾರ್ಮಿಕ್ ಆಸಿಡ್, ನಿಮಿಷಕ್ಕೆ 4 ಮೈಕ್ರೋಲೀಟರಿನಿಂದ ಶುರು ಮಾಡಿ. ಬಫರಿನಲ್ಲಿ ಫಾರ್ಮೇಟ್ ಇದ್ದರೆ ಇಲ್ಲೂ ಫಾರ್ಮಿಕ್ಕೇ ಇರಲಿ, ಅಸಿಟಿಕ್ ಬೇಡ. ಹೊರತುದಿಯಲ್ಲಿ ಬೇರೆ ವಯಲ್ ಇಲ್ಲ, ಶೀತ್ ಲಿಕ್ವಿಡ್ಡೇ ಆ ವಯಲ್‌ನ ಕೆಲಸ ಮಾಡುತ್ತದೆ, ಅದರ ಋಣ ಅಯಾನುಗಳು ಹಿಂದಕ್ಕೆ ಕ್ಯಾಪಿಲರಿಯೊಳಗೆ ನುಗ್ಗುತ್ತವೆ. ಎರಡೂ ಕಡೆ ಒಂದೇ ಅಯಾನು ಇದ್ದರೆ ತೊಂದರೆ ಕಡಿಮೆ.

ಶೀತ್ ಇಲ್ಲದ ಇಂಟರ್ಫೇಸ್‌ಗಳೂ ಇವೆ, ಮೆಹ್ದಿ ಮೊಯಿನಿ ಅವರ ರಂಧ್ರಮಯ ತುದಿಯದು ಅದರಲ್ಲಿ ಹೆಸರುವಾಸಿ. ಸಿಗ್ನಲ್ ಜಾಸ್ತಿ ಸಿಗುತ್ತದೆ, ಖರ್ಚೂ ಜಾಸ್ತಿ. ಮೆಟ್‌ಫಾರ್ಮಿನ್‌ಗೆ ಅದರ ಅಗತ್ಯ ಬೀಳುವುದಿಲ್ಲ.

ಓಡಿಸುವುದು

1 ಬಾರ್ ಒತ್ತಡದಲ್ಲಿ ಈ ಕ್ಯಾಪಿಲರಿ ಒಮ್ಮೆ ತುಂಬಲು 80 ಸೆಕೆಂಡಿನ ಮೇಲೆ ಬೇಕು. ಹಾಗಾಗಿ ಪ್ರತಿ ರನ್‌ಗೂ ಮೊದಲು ಬಫರಿನಿಂದ 3 ನಿಮಿಷ ತೊಳೆಯಿರಿ. ಆಮೇಲೆ ಸ್ಯಾಂಪಲ್, 50 ಮಿಲಿಬಾರ್, 40 ಸೆಕೆಂಡ್. ಲೆಕ್ಕ ಹಾಕಿದರೆ ಒಳಗೆ ಹೋಗುವುದು ಸುಮಾರು 38 ನ್ಯಾನೋಲೀಟರ್, ಕ್ಯಾಪಿಲರಿಯ ಒಟ್ಟು 1.57 ಮೈಕ್ರೋಲೀಟರಿನಲ್ಲಿ ಶೇಕಡಾ ಎರಡೂವರೆ. ಇದೇ ತಿಳಿಯನ್ನು ಎಲ್‌ಸಿಗೆ 5 ಮೈಕ್ರೋಲೀಟರ್ ಹಾಕಿದ್ದರೆ 130 ಪಟ್ಟು ಜಾಸ್ತಿ ಹೋಗುತ್ತಿತ್ತು. ಸಿಇಯಲ್ಲಿ ಸೂಕ್ಷ್ಮತೆ ಕಡಿಮೆ ಅಂತ ಜನ ಹೇಳುವುದಕ್ಕೆ ಮುಖ್ಯ ಕಾರಣ ಇದೇ.

ಸ್ಯಾಂಪಲ್ ಎಳೆದುಕೊಳ್ಳುವ ಹೊತ್ತಿನಲ್ಲಿ ಸ್ಪ್ರೇಗೆ ನೆರವಾಗುವ ನೆಬ್ಯುಲೈಸರ್ ಗ್ಯಾಸ್ ಮತ್ತು ಸ್ಪ್ರೇ ವೋಲ್ಟೇಜ್ ಎರಡೂ ಆಫ್ ಆಗಿರಲಿ. ಗ್ಯಾಸ್ ಆನ್ ಇದ್ದರೆ ಅದು ತುದಿಯಲ್ಲಿ ಹೀರುತ್ತದೆ, ನೀವು ಕೊಟ್ಟದ್ದಕ್ಕಿಂತ ಜಾಸ್ತಿ ಒಳಗೆ ಬರುತ್ತದೆ, ವಯಲ್ ಬದಲಾಯಿಸುವಾಗ ಗಾಳಿಯೂ ಬರುತ್ತದೆ. ಆಮೇಲೆ ಒಂದು ಸಣ್ಣ ಗುಟುಕು ಬಫರ್ ಒಳಗೆ ತಳ್ಳಿ, ವೋಲ್ಟೇಜ್ ಅನ್ನು ನಿಧಾನವಾಗಿ 30 ಕಿಲೋವೋಲ್ಟ್‌ಗೆ ಏರಿಸಿ, ಗ್ಯಾಸ್ ಆನ್ ಮಾಡಿ. ಗ್ಯಾಸ್ 5 ಪಿಎಸ್‌ಐ ಸಾಕು, 10 ದಾಟಬೇಡಿ.

ಕರೆಂಟ್ ಸುಮಾರು 25 ಮೈಕ್ರೋಆಂಪಿಯರ್ ತೋರಿಸಬೇಕು. 50 ದಾಟಿದರೆ ಬಫರ್ ತಪ್ಪಾಗಿದೆ. ಅಜಿಲೆಂಟ್ ಯಂತ್ರಗಳಲ್ಲಿ ಸ್ಪ್ರೇ ಸೂಜಿ ಅರ್ತ್ ಆಗಿರುತ್ತದೆ, ಹಾಗಾಗಿ ಪೂರ್ತಿ 30 ಸಿಗುತ್ತದೆ. ಸೂಜಿಗೇ 4 ಕಿಲೋವೋಲ್ಟ್ ಕೊಡುವ ಯಂತ್ರವಾದರೆ ನಿಮಗೆ ನಿಜವಾಗಿ ಸಿಗುವುದು 26. ಇಂಟರ್‌ಲಾಕ್ ಬೈಪಾಸ್ ಮಾಡಲು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ಇದು ಆಟದ ವೋಲ್ಟೇಜ್ ಅಲ್ಲ.

ಮೆಟ್‌ಫಾರ್ಮಿನ್ 6ರಿಂದ 9 ನಿಮಿಷದ ಒಳಗೆ ಬರುತ್ತದೆ. ತೊಳೆಯುವುದು ಸೇರಿ ಒಂದು ಸ್ಯಾಂಪಲ್‌ಗೆ 13 ನಿಮಿಷ ಅಂದುಕೊಂಡರೆ ನೂರಕ್ಕೆ ಸುಮಾರು 22 ಗಂಟೆ. ಮೂರು ನಿಮಿಷದ ಎಲ್‌ಸಿ ವಿಧಾನದ ಎದುರು ಇದು ನಿಧಾನವೇ, ಸಾವಿರಾರು ಸ್ಯಾಂಪಲ್ ಇರುವ ಬೆಂಗಳೂರಿನ ಸಿಆರ್‌ಒಗಳು, ಅಂದರೆ ಗುತ್ತಿಗೆಗೆ ಔಷಧ ಪರೀಕ್ಷೆ ಮಾಡುವ ಸಂಸ್ಥೆಗಳು, ಎಲ್‌ಸಿ ಬಿಡದಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು.

ಇನ್ಲೆಟ್ ಬಫರ್ ವಯಲ್ ಅನ್ನು ಆರೆಂಟು ರನ್‌ಗೊಮ್ಮೆ ಬದಲಿಸಿ. ವಿದ್ಯುತ್ ಹರಿದು ಹರಿದು ಅದರ ಪಿಎಚ್ ಜರುಗುತ್ತದೆ.

ಮಾಸ್ ಸ್ಪೆಕ್ ಸೆಟ್ಟಿಂಗ್

ಟ್ರಿಪಲ್ ಕ್ವಾಡ್ (ಅಯಾನನ್ನು ಆರಿಸಿ, ಒಡೆದು, ಅದರ ತುಂಡನ್ನು ಅಳೆಯುವ ಮಾಸ್ ಸ್ಪೆಕ್), ಪಾಸಿಟಿವ್ ಮೋಡ್. ಅಳೆಯಲು 130ರಿಂದ 71, ಅಂದರೆ 130ರ ಅಯಾನು ಒಡೆದಾಗ ಬರುವ 71ರ ತುಂಡು. ಡಿ6ಗೆ 136ರಿಂದ 77. ಎಂಆರ್‌ಎಂ, ಅಂದರೆ ಇಂಥ ಜೋಡಿಗಳನ್ನು, ಆಪ್ಟಿಮೈಸ್ ಮಾಡುವಾಗ ಯಂತ್ರ 60 ಅನ್ನೂ ತೋರಿಸುತ್ತದೆ, ಕೆಲವು ಸಲ ಅದೇ ದೊಡ್ಡದಾಗಿ ಕಾಣುತ್ತದೆ. ಆದರೆ 60 ಅನ್ನುವ ಆ ತುಂಡಿನಲ್ಲಿ ಮೀಥೈಲ್ ಗುಂಪುಗಳಿಲ್ಲ, ಡ್ಯೂಟೀರಿಯಂ ಇರುವುದು ಮೀಥೈಲ್‌ಗಳಲ್ಲಿ. ಹಾಗಾಗಿ ಔಷಧ ಮತ್ತು ಡಿ6 ಎರಡೂ ಅದೇ 60 ಕೊಡುತ್ತವೆ. ಅಳತೆಗೆ 71 ಮತ್ತು 77 ಇಟ್ಟುಕೊಳ್ಳಿ, 60 ಬರೀ ಗುರುತು ಖಚಿತಪಡಿಸಲು.

ಪೀಕ್ ಅಗಲ ಕೆಲವೇ ಸೆಕೆಂಡ್ ಇರುತ್ತದೆ. ಡ್ವೆಲ್ ಟೈಮ್, ಅಂದರೆ ಯಂತ್ರ ಒಂದೊಂದು ಜೋಡಿಯ ಮೇಲೆ ನಿಲ್ಲುವ ಹೊತ್ತು, 50 ಮಿಲಿಸೆಕೆಂಡ್ ದಾಟಿಸಬೇಡಿ, ಪೀಕ್ ಮೇಲೆ ಕನಿಷ್ಠ 15 ಬಿಂದುಗಳಾದರೂ ಬೀಳಲಿ.

ಪ್ಲಾಸ್ಮಾ ಸಿಗ್ನಲ್ ತಿನ್ನುತ್ತಿದೆಯೇ?

ಇದನ್ನು ನೋಡಲು ಸಿಇಯಲ್ಲಿ ಒಂದು ಸುಲಭದ ದಾರಿ ಇದೆ. ಶೀತ್ ಲಿಕ್ವಿಡ್‌ಗೇ ಸ್ವಲ್ಪ ಮೆಟ್‌ಫಾರ್ಮಿನ್ ಬೆರೆಸಿ. 130-71ರ ಗೆರೆ ನೇರವಾಗಿ ಓಡುತ್ತಿರುತ್ತದೆ. ಈಗ ಬ್ಲಾಂಕ್ ಪ್ಲಾಸ್ಮಾದ ತಿಳಿಯನ್ನು ಹಾಕಿ ಓಡಿಸಿ. ಎಲ್ಲಿ ಗೆರೆ ಹಳ್ಳಕ್ಕೆ ಬೀಳುತ್ತದೋ ಅಲ್ಲಿ ಏನೋ ಸಿಗ್ನಲ್ ಅದುಮುತ್ತಿದೆ. ಸೋಡಿಯಂ ಹೊರಬರುವ ಹೊತ್ತಿನಲ್ಲಿ ದೊಡ್ಡ ಹಳ್ಳ ಕಾಣಬೇಕು, ನಿಮ್ಮ ಪೀಕ್ ಬರುವ ಹೊತ್ತಿಗೆ ಗೆರೆ ಮತ್ತೆ ಮೇಲೆ ಬಂದು ನೆಟ್ಟಗೆ ನಿಂತಿರಬೇಕು. ಆರು ಬೇರೆ ಬೇರೆ ವ್ಯಕ್ತಿಗಳ ಪ್ಲಾಸ್ಮಾದಲ್ಲಿ ಇದನ್ನು ಮಾಡಿ, ಒಂದು ಕೊಬ್ಬಿನದು, ಒಂದು ಕಣ ಒಡೆದದ್ದು ಕೂಡ. ಕೆಲಸ ಮುಗಿದ ಮೇಲೆ ಶೀತ್ ಲೈನ್ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಮುಂದಿನ ಬ್ಲಾಂಕ್‌ಗಳೆಲ್ಲ ಹಾಳು.

ಕ್ಯಾಲಿಬ್ರೇಶನ್ ಮತ್ತು ವ್ಯಾಲಿಡೇಶನ್

500 ಮಿಲಿಗ್ರಾಂ ಮಾತ್ರೆ ನುಂಗಿದವರ ಪ್ಲಾಸ್ಮಾದಲ್ಲಿ ಗರಿಷ್ಠ ಮಟ್ಟ ಮಿಲಿಲೀಟರಿಗೆ ಸುಮಾರು 1 ಮೈಕ್ರೋಗ್ರಾಂ. ಬಯೋಈಕ್ವಿವಲೆನ್ಸ್ ಕೆಲಸದಲ್ಲಿ, ಅಂದರೆ ಎರಡು ಮಾತ್ರೆಗಳು ದೇಹದಲ್ಲಿ ಒಂದೇ ಥರ ಸೇರುತ್ತವೆಯೇ ಎಂದು ನೋಡುವಾಗ, ಅದರ ಶೇಕಡಾ 5ರವರೆಗೂ ಅಳೆಯಲು ಬರಬೇಕು, ಅಂದರೆ ಮಿಲಿಲೀಟರಿಗೆ 50 ನ್ಯಾನೋಗ್ರಾಂ. ಅಷ್ಟಿದ್ದಾಗ ಕ್ಯಾಪಿಲರಿಗೆ ಹೋಗುವುದು ಅರ್ಧ ಪಿಕೋಗ್ರಾಂಗಿಂತ ಸ್ವಲ್ಪ ಜಾಸ್ತಿ. ಇವತ್ತಿನ ಒಳ್ಳೆಯ ಟ್ರಿಪಲ್ ಕ್ವಾಡ್‌ಗೆ ಅದು ಕಷ್ಟವಲ್ಲ, ಹಳೆಯ ಯಂತ್ರ ಸ್ವಲ್ಪ ಏದುಸಿರು ಬಿಡಬಹುದು. 50, 100, 250, 500, 1000, 2000, 3000, 4000 ಹೀಗೆ ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ ಎಂಟು ಮಟ್ಟ ಇಟ್ಟುಕೊಳ್ಳಿ. ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷಿಸುವ ಸ್ಯಾಂಪಲ್‌ಗಳು, 50, 150, 1600, 3200.

ರಕ್ತದಂಥ ಸ್ಯಾಂಪಲ್‌ನಲ್ಲಿ ಔಷಧ ಅಳೆಯುವ ವಿಧಾನಗಳಿಗಿರುವ ಅಂತರರಾಷ್ಟ್ರೀಯ ನಿಯಮ, 2022ರ ಐಸಿಎಚ್ ಎಂ10, ಓದಿಕೊಳ್ಳಿ, ಅಳತೆಯ ಪಟ್ಟಿಯೆಲ್ಲ ಅದರಲ್ಲಿದೆ. ನಿಖರತೆ ಶೇಕಡಾ 15ರ ಒಳಗೆ, ಅತಿ ಕೆಳಗಿನ ಮಟ್ಟಕ್ಕೆ ಮಾತ್ರ 20. ಪ್ರತಿ ಕ್ಯೂಸಿ ಮಟ್ಟಕ್ಕೂ ಒಂದು ರನ್‌ನಲ್ಲಿ ಐದು ಸಲ, ಎರಡು ಅಥವಾ ಹೆಚ್ಚು ದಿನಗಳಿಗೆ ಹಂಚಿ ಕನಿಷ್ಠ ಮೂರು ರನ್. 4000ದ ನಂತರ ಹಾಕಿದ ಬ್ಲಾಂಕ್‌ನಲ್ಲಿ ಕಾಣುವ ಪೀಕ್ ಕೆಳಮಟ್ಟದ ಶೇಕಡಾ 20 ಮೀರಬಾರದು. ಸಿಇಯಲ್ಲಿ ಇದು ಸಾಮಾನ್ಯವಾಗಿ ಪಾಸಾಗುತ್ತದೆ, ಏಕೆಂದರೆ ಹಳೆಯದು ಅಂಟಿಕೊಳ್ಳಲು ವಾಲ್ವ್, ಲೂಪ್ ಏನೂ ಇಲ್ಲ. ಅಂಟಿಕೊಂಡರೆ ಅದು ಕ್ಯಾಪಿಲರಿಯ ಇನ್ಲೆಟ್ ತುದಿಯ ಹೊರಮೈಗೆ, ಅದನ್ನು ಇನ್ನೊಂದು ವಯಲ್‌ನ ನೀರಿನಲ್ಲಿ ಅದ್ದಿ ತೆಗೆಯುವ ಒಂದು ಸ್ಟೆಪ್ ಸೇರಿಸಿದರೆ ಸಾಕು.

ತೊಂದರೆ ಬಂದಾಗ ಮೊದಲು ಕರೆಂಟ್ ನೋಡಿ

ಸಿಗ್ನಲ್ ಹೋಯಿತು ಅಂದ ತಕ್ಷಣ ಮಾಸ್ ಸ್ಪೆಕ್ ಟ್ಯೂನ್ ಮಾಡಲು ಓಡಬೇಡಿ. ಕರೆಂಟ್ ಗೆರೆ ತೆಗೆದು ನೋಡಿ. ರನ್ ಶುರುವಾಗಿ ಅರೆಕ್ಷಣದಲ್ಲಿ ಸೊನ್ನೆಗೆ ಬಿದ್ದಿದ್ದರೆ ಒಳಗೆ ಗಾಳಿಗುಳ್ಳೆ, ಸಾಮಾನ್ಯವಾಗಿ ಗ್ಯಾಸ್ ಹೀರಿದ್ದು ಅಥವಾ ವಯಲ್‌ನಲ್ಲಿ ದ್ರವ ಕಡಿಮೆಯಾದದ್ದು. ಬಫರಿನಿಂದ ತೊಳೆದರೂ ಸೊನ್ನೆಯೇ ಅಂದರೆ ಕ್ಯಾಪಿಲರಿ ಎಲ್ಲೋ ಮುರಿದಿದೆ, ಸುಟ್ಟ ಜಾಗವನ್ನು ಮೊದಲು ನೋಡಿ. ಕರೆಂಟ್ ಸರಿಯಾಗಿದ್ದು ಸ್ಪ್ರೇ ಮಾತ್ರ ಕುಣಿಯುತ್ತಿದ್ದರೆ ಶೀತ್ ಲಿಕ್ವಿಡ್ ಕಡೆ ಹೋಗಿ, ತುದಿಯಲ್ಲಿ ಹನಿ ಜೋತುಬಿದ್ದಿದೆಯೇ ಟಾರ್ಚ್ ಹಾಕಿ ನೋಡಿ.

ಪೀಕ್ ದಿನದಿಂದ ದಿನಕ್ಕೆ ತಡವಾಗಿ ಬರುತ್ತಿದ್ದರೆ ಗೋಡೆಗೆ ಪ್ರೋಟೀನ್ ಹಿಡಿದಿದೆ. ಡಿ6 ಜೊತೆಗೇ ಜರುಗುವುದರಿಂದ ಅನುಪಾತ ಕೆಡುವುದಿಲ್ಲ, ಆದರೆ ಅದನ್ನೇ ನೆಚ್ಚಿಕೊಂಡು ವಾರಗಟ್ಟಲೆ ಓಡಿಸಬೇಡಿ, ಪೀಕ್‌ಗೆ ಬಾಲ ಬೆಳೆಯುತ್ತದೆ. ಸ್ಪ್ರೇಯರ್‌ನಿಂದ ಹೊರಗೆ ತೆಗೆದು 1 ಮೋಲಾರ್ ಫಾರ್ಮಿಕ್ ಆಸಿಡ್, ಆಮೇಲೆ ದುರ್ಬಲ ಅಮೋನಿಯಾ, ನೀರು, ಬಫರ್ ಹೀಗೆ ತೊಳೆದು ನೋಡಿ. ಆಗಲೂ ಮೊದಲಿನ ಸಮಯಕ್ಕೆ ಬರದಿದ್ದರೆ ಹೊಸ ತುಂಡು ಕತ್ತರಿಸಿ. ಕ್ಯಾಪಿಲರಿ ಅಗ್ಗ, ನಿಮ್ಮ ಒಂದು ದಿನದ ಸ್ಯಾಂಪಲ್‌ಗಳು ಅಗ್ಗವಲ್ಲ.